ಮೈಕು ಕಸಿದ ಅಧ್ಯಕ್ಷರಿಗೆ

ಅನ್ನಪೂರ್ಣೇಶ್ವರಿ ನಗರ, ಬೆಂಗಳೂರು
14 ಜುಲೈ 2025, ಸೋಮವಾರ

ನಮ್ಮನೆಯವರಿಗೆ ಅಲಮೇಲು ಮಾಡುವ ನಮಸ್ಕಾರ.

ಬಿಪಿ ಹೇಗಿದೆ? ಮಾಲವಿಕಾ ಊಟಕ್ಕೆ ಉಪ್ಪಿನಕಾಯಿ ಬಡಿಸುತ್ತಿಲ್ಲ ತಾನೆ? ಮಗಳ ಮನೆಗೆ ನಾಲ್ಕು ದಿನಕ್ಕೆಂದು ಹುಬ್ಬಳ್ಳಿಗೆ ಹೋದವರು ಮೂರು ವಾರವಾದರೂ ಬರುವ ಮಾತೆತ್ತಿಲ್ಲ. ಫೋನಿನಲ್ಲಿ ಬಡಾವಣೆ ಸಂಘದ ವಿಷಯ ತೆಗೆದರೆ "ಕೇಳಿಸ್ತಿಲ್ಲ ಕಣೇ" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಪೂರ್ತಿ ಓದಿ.

ವಚನಾಳನ್ನು ಪತ್ರಿಕೆಯ ಕೆಲಸದಿಂದ ತೆಗೆದಿದ್ದಾರೆ. ನಿನ್ನೆ ಮೂಡಲಪಾಳ್ಯದಿಂದ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದಳು. "ಅಂಕಲ್ಲೇ ನಮ್ ಓನರ್‌ಗೆ ಫೋನ್ ಮಾಡಿದ್ರಂತೆ ಆಂಟಿ. ಸಂಘದ ಜಾಹೀರಾತು ನಿಲ್ಲಿಸ್ತೀವಿ ಅಂದ್ರಂತೆ." ಕೇಳಿ ಮೈಯೆಲ್ಲ ಉರಿದುಹೋಯಿತು. ಎಂಟು ವರ್ಷದ ಹಿಂದೆ ಪಾರ್ಕಿನ ಜಾಗಕ್ಕೆ ಬೇಲಿ ಹಾಕಿದವರ ಮೇಲೆ ವಾರವಾರವೂ ಬರೆದವಳು ಇವಳೇ ಅಲ್ಲವೇ? ಆಗ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮನೆಮನೆ ಸುತ್ತಿದಿರಿ. "ಪೇಪರ್‌ನೋರು ಇಲ್ದಿದ್ರೆ ನಮ್ಮ ಕೂಗು ಯಾರಿಗ್ರೀ ಕೇಳ್ಸತ್ತೆ" ಎಂದು ಬಂದವರಿಗೆಲ್ಲ ಹೇಳಿದಿರಿ. ಅವಳ ಬರಹದಿಂದ ಪಾರ್ಕು ಉಳಿಯಿತು, ಪಾರ್ಕಿನಿಂದ ನೀವು ಅಧ್ಯಕ್ಷರಾದಿರಿ. ಹೊಗಳುವಷ್ಟು ದಿನ ಮನೆಮಗಳು, ಪ್ರಶ್ನೆ ಕೇಳಿದ ದಿನ "ಯಾರ್ರೀ ಇವಳ್ನ ಒಳಗೆ ಬಿಟ್ಟಿದ್ದು?"

ಕಳೆದ ತಿಂಗಳು ಸಂಘದ ಸಭೆಯಲ್ಲಿ ಅವಳು ಕೇಳಿದ್ದಾದರೂ ಏನು? ಸಂಘದ ಬೋರ್‌ವೆಲ್ ನೀರು ಕುಡಿದ ಹಿಂದಿನ ಬೀದಿಯ ಹನ್ನೊಂದು ಮಕ್ಕಳಿಗೆ ವಾಂತಿಭೇದಿ ಏಕಾಯಿತು, ನೀರನ್ನು ಪರೀಕ್ಷೆ ಮಾಡಿಸಿದ್ದೀರಾ ಎಂದು. ಇಡೀ ಸಭೆಯ ಎದುರು ಅವಳ ಕೈಯಿಂದ ಮೈಕು ಕಸಿದಿರಿ. ಮೂರನೇ ಸಾಲಿನಲ್ಲಿದ್ದ ನಾನು ತಲೆ ತಗ್ಗಿಸಿ ಕುಳಿತೆ. ನನ್ನ ಮೇಲೂ ನನಗೆ ಸಿಟ್ಟಿದೆ. ಹೂ ಮಾರುವ ಚಿಕ್ಕಗಂಗಮ್ಮನ ಮೊಮ್ಮಗಳು ಧನ್ಯಶ್ರೀ ಆರು ದಿನ ಡ್ರಿಪ್ಸ್ ಹಾಕಿಸಿಕೊಂಡು ಮಲಗಿದ್ದಳು. ಈಗ ಓಡಾಡುತ್ತಿದ್ದಾಳೆ. ನೀವು ಕೇಳಲಿಲ್ಲ, ಆದರೂ ಹೇಳುತ್ತಿದ್ದೇನೆ.

ನಿನ್ನೆ ವಚನಾ ಹೋದಮೇಲೆ ನಿಮ್ಮ ಬೀರು ತೆಗೆದೆ. ಸಂಘದ ಫೈಲಿನಲ್ಲಿ ನೀರಿನ ಪರೀಕ್ಷೆಯ ವರದಿ ಸಿಕ್ಕಿತು. ಚರಂಡಿ ನೀರು ಬೆರೆತಿದೆ, ಕುಡಿಯಲು ಯೋಗ್ಯವಲ್ಲ ಎಂದಿದೆ. ಕೆಳಗೆ ನಿಮ್ಮ ಸಹಿ, ಜೂನ್ ಎರಡನೇ ತಾರೀಖು. ಮಕ್ಕಳು ಹಾಸಿಗೆ ಹಿಡಿದದ್ದು ಒಂಬತ್ತರಿಂದ. ಏಳು ದಿನ, ರೀ! ಒಂದು ಬೋರ್ಡು ತೂಗುಹಾಕಿದ್ದರೆ ಸಾಕಿತ್ತು. ಅದೇ ವಾರ ನಮ್ಮ ಮನೆಗೆ ಮಾತ್ರ ಕ್ಯಾನ್ ನೀರು ತರಿಸಿದಿರಿ. "ಬೋರ್ ನೀರು ಗಡಸು ಕಣೇ, ನಿನ್ ಮಂಡಿಗೆ ಆಗಲ್ಲ" ಅಂದಿರಿ. ನನ್ನ ಮೇಲಿನ ಕಾಳಜಿ ಎಂದು ನಂಬಿ ಹಿಗ್ಗಿದೆ.

ಇವತ್ತು ಬೆಳಿಗ್ಗೆ ಟ್ಯಾಂಕಿನ ಗೇಟಿಗೆ ನಾನೇ ಬೋರ್ಡು ಬರೆದು ಕಟ್ಟಿಸಿದೆ.

ಮಾತ್ರೆ ತಪ್ಪಿಸಬೇಡಿ. ಮಗಳು ಅಳಿಯನಿಗೆ ನನ್ನ ಆಶೀರ್ವಾದ.

ಇಂತು,
ಅಲಮೇಲು

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಹೇಳಿಬಿಡುತ್ತೇನೆ. ಇವತ್ತು ವಚನಾಳನ್ನು ಮತ್ತೆ ಕರೆಸಿ ವರದಿಯನ್ನು ಅವಳ ಕೈಗೆ ಕೊಟ್ಟಿದ್ದೇನೆ. ಬೇರೆ ಪತ್ರಿಕೆಯವರು ಹಾಕುತ್ತಾರಂತೆ. "ಯಾರು ಕೊಟ್ರು ಅಂತ ಬರೀಲಿ ಆಂಟಿ?" ಎಂದಳು. "ಅಧ್ಯಕ್ಷರ ಹೆಂಡ್ತಿ ಅಂತ್ಲೇ ಬರಿಯಮ್ಮ" ಎಂದೆ. ಅಚ್ಚಿಗೆ ಹೋಗುವ ಮುನ್ನ ನಿಮ್ಮ ಮಾತನ್ನೂ ಕೇಳಬೇಕಂತೆ, ನೀವು ಅವಳಿಗೆ ಆ ಅವಕಾಶ ಕೊಡದಿದ್ದರೂ. ಭಾನುವಾರ ಹತ್ತು ಗಂಟೆಗೆ ಮನೆಗೆ ಬರುತ್ತಾಳೆ. ಅಷ್ಟರೊಳಗೆ ಬಂದಿರಿ. ಬರದಿದ್ದರೆ ಅವಳು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಡುತ್ತೇನೆ.