ಬೇಡದ ಸಾಲು

ಗುರುವಾರ, ೧೯

ಆ ಒಂದು ಸಾಲಿನದೇ ಯೋಚನೆ. ಪ್ರೋಗ್ರಾಮಿನಿಂದ ಅದನ್ನು ತೆಗೆದರೆ ಪಂಪು ನಿಲ್ಲುವುದನ್ನೇ ಮರೆತು ರೋಗಿಯ ಮೈಗೆ ಔಷಧಿ ತಳ್ಳುತ್ತಲೇ ಇರುತ್ತದೆ. ಇಟ್ಟರೆ ಎಲ್ಲ ಸರಿ. ಆ ಸಾಲು ಮಾಡುವ ಘನಕಾರ್ಯವೆಂದರೆ ಕೇಬಲ್ಲಿನ ಮೂಲಕ ನನ್ನ ಪರದೆಗೆ "ಇಲ್ಲಿಗೆ ಬಂದೆ" ಅಂತ ಕಳಿಸುವುದು, ಅಷ್ಟೇ.

ಪಂಪಿನೊಳಗಿನ ಹಳೆಯ ಚಿಪ್ ಸಿಗುವುದು ನಿಂತು ಹೊಸದಕ್ಕೆ ಬಂದೆವು. ನಾವು ಬರೆದದ್ದನ್ನು ಇದರ ಭಾಷೆಗೆ ತಿರುಗಿಸುವ ಕಂಪೈಲರ್ ಇನ್ನೂ ಎಳೆಗೂಸು, ಜೊತೆಗೆ ಕೊಟ್ಟ ಸಿದ್ಧ ಕೋಡಿನ ಲೈಬ್ರರಿ ಅರೆಬೆಂದದ್ದು. ತಪ್ಪು ಅವುಗಳದೋ ನನ್ನದೋ, ಯಾರಿಗೆ ಗೊತ್ತು. ನಮ್ಮ ಮುಖ್ಯಸ್ಥರು, ನಾವಿಟ್ಟ ಹೆಸರು ಮುಗಿಸಪ್ಪ, ಹೋದ ವಾರ ಹೇಳಿಬಿಟ್ಟರು: "ಸಾಲಿದ್ರೆ ಓಡುತ್ತೆ ತಾನೇ? ಇರ್ಲಿ ಬಿಡಪ್ಪ. ಸುಮ್ನಿರಲಾರ್ದೆ ಇರುವೆ ಬಿಟ್ಕೋಬೇಡ." ಪಂಪುಗಳು ಲಾರಿ ಹತ್ತಿದವು.

ಸಂಜೆ ಅಕ್ಕನ ಫೋನ್. ಮಕ್ಕಳ ವಾರ್ಡಿನಲ್ಲಿ ನರ್ಸ್ ಅವಳು. "ನಿಮ್ಮ ಹೊಸ ಪಂಪು ಇವತ್ತಿಂದ ಶುರು ಕಣೋ. ಎಷ್ಟು ಅಚ್ಚುಕಟ್ಟಾಗಿದೆ, ವೈರು ಗಿಯರು ಅಂತ ಒಂದೂ ನೇತಾಡಲ್ಲ!"

ನಕ್ಕೆ. ಫೋನ್ ಇಟ್ಟಮೇಲೆ ಹೊಳೆಯಿತು. ನಾವು ಗಂಟೆಗಟ್ಟಲೆ ಓಡಿಸಿ ನೋಡಿದ್ದೆಲ್ಲ ಕೇಬಲ್ ಸಿಕ್ಕಿಸಿಕೊಂಡೇ. ಅದನ್ನು ಕಿತ್ತು ಒಮ್ಮೆಯೂ ನೋಡಿಲ್ಲ. ಕೇಬಲ್ಲೇ ಇಲ್ಲದ ಕಡೆ ಆ ಸಾಲು ಇದ್ದರೂ ಪಂಪು ನಿಲ್ಲುತ್ತದೋ ಇಲ್ಲವೋ?

ಅಕ್ಕ ಫೋನ್ ಎತ್ತುತ್ತಿಲ್ಲ. ವಾರ್ಡಿಗೇ ಮಾಡಿದೆ. "ಇರಿ, ಕರೀತೀನಿ" ಅಂತ ಯಾರೋ ರಿಸೀವರ್ ಮೇಜಿನ ಮೇಲಿಟ್ಟು ಹೋಗಿದ್ದಾರೆ. ಫೋನ್ ಕಿವಿಗೊತ್ತಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಫೋನಿನ ಆ ಕಡೆ ವಾರ್ಡಿನಲ್ಲಿ ಒಂದು ಮಗು ಅಳುತ್ತಿದೆ. ಅಳಲಿ. ದೇವರೇ, ಅದು ಅಳುತ್ತಲೇ ಇರಲಿ