ನಮ್ಮ ಹುಡುಗಿಗೆ ಬುದ್ಧಿ ಬಂದಿದೆ

ಆಸ್ಪತ್ರೆಯ ಹಿಂದಿನ ಬಾಡಿಗೆ ಕೋಣೆ
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಅಕ್ಕಾ,

ಹೆರಿಗೆ ವಾರ್ಡಿನ ಕಿಟಕಿ ಪಕ್ಕದ ಮಂಚದ ಹುಡುಗಿ ನಿನ್ನೆ ತೀರಿಕೊಂಡಳು. ಹದಿನೇಳು ವರ್ಷ, ಎರಡನೇ ಹೆರಿಗೆ. ರಕ್ತ ನಿಲ್ಲಲಿಲ್ಲವೆಂದು ಹಿರಿಯ ನರ್ಸ್ ತಿಳಿಸಿದರು. ಮಗು ಉಳಿದಿದೆ. ಕ್ಷೇಮ ಕೇಳುವ ಮೊದಲೇ ಸಾವಿನ ಸುದ್ದಿ ಬರೆದೆನೆಂದು ಬೈಯಬೇಡ. ಮಗಳ ಬಾಣಂತನದ ಓಡಾಟದಲ್ಲಿ ನಿನ್ನ ಮಂಡಿನೋವು ಹೆಚ್ಚಾಗಿಲ್ಲ ತಾನೆ? ಚುಕ್ಕಿಯ ಎದೆಹಾಲು ಸಾಲುತ್ತಿದೆಯೇ? ಮೊಮ್ಮಗ ನಿದ್ದೆ ಮಾಡಲು ಬಿಡುತ್ತಾನೋ, ಇಲ್ಲ ಅವನಮ್ಮನ ಹಾಗೆ ಮನೆಮಂದಿಯನ್ನೆಲ್ಲ ಕಾವಲು ಕೂರಿಸುತ್ತಾನೋ?

ನನ್ನ ಕೆಲಸ ನಿನಗೆ ಗೊತ್ತು. ಹದಿನೆಂಟು ತುಂಬುವ ಮೊದಲೇ ಎರಡನೇ ಸಲ ಬಸುರಾಗಿ ಬರುವ ಹುಡುಗಿಯರನ್ನು ಮಾತಾಡಿಸಿ, ಯಾಕೆ ಹೀಗಾಯಿತೆಂದು ಬರೆದುಕೊಳ್ಳುವುದು. ಮೊದಮೊದಲು ಏನೂ ಗಿಟ್ಟಲಿಲ್ಲ. ಹುಡುಗಿಯನ್ನು ಕೇಳಿದರೆ ಪಕ್ಕದಲ್ಲಿ ಕೂತ ತಾಯಿಯೇ ಉತ್ತರ ಕೊಡುತ್ತಿದ್ದಳು. "ಹೆರೋದು ಯಾರಮ್ಮಾ, ನೀನಾ ಅವಳಾ?" ಎಂದು ನರ್ಸ್ ಅಂಥ ಒಬ್ಬ ತಾಯಿಯನ್ನು ಗದರಿಸಿದರು. "ಇವಳ್ನ ಹೆತ್ತಿದ್ದು ನಾನೇ ಅಲ್ವಾ ಸಿಸ್ಟರ್?" ಎಂದಳು ಆಕೆ. ವಾರ್ಡಿಗೆ ವಾರ್ಡೇ ನಕ್ಕಿತು. ಅವಳ ಮಗಳೇ ನಿನ್ನೆ ಹೋದವಳು.

ಆ ತಾಯಿಯನ್ನು ಹೊರಗಿನ ಬೆಂಚಿಗೆ ಕಳಿಸಿದ ಮೇಲೆ ಹುಡುಗಿ ಬಾಯಿಬಿಟ್ಟಳು. ಮೊದಲ ಹೆರಿಗೆಯಾದಾಗ, ಇನ್ನು ಆ ಹುಡುಗನ ಮುಖ ನೋಡುವುದಿಲ್ಲವೆಂದು ಮನೆಯವರು ಕೂಸಿನ ತಲೆ ಮುಟ್ಟಿಸಿ ಆಣೆ ಮಾಡಿಸಿದ್ದರಂತೆ. ಮನೆಗೆ ಹೊರಡುವ ದಿನ ನರ್ಸ್, ಬಸುರಾಗದಂತೆ ಮೂರು ತಿಂಗಳಿಗೊಮ್ಮೆ ಹಾಕುವ ಇಂಜೆಕ್ಷನ್ ಇದೆ ಎಂದಾಗ ತಾಯಿ, "ನಮ್ಮ ಹುಡುಗಿಗೆ ಬುದ್ಧಿ ಬಂದಿದೆ, ಅದ್ಯಾಕೆ?" ಎಂದಳು. ಹುಡುಗಿ ಸುಮ್ಮನಿದ್ದಳು. "ಬೇಕು ಅಂದಿದ್ರೆ, ಮತ್ತೆ ಅವನ ಹತ್ರ ಹೋಗ್ತೀನಿ ಅಂತ ನಾನೇ ಒಪ್ಕೊಂಡ ಹಾಗಲ್ವಾ ಮೇಡಂ?" ಎಂದು ನನ್ನನ್ನೇ ಕೇಳಿದಳು. ಮತ್ತೆ ಹೋದದ್ದೇಕೆ ಎಂದೆ. ಮನೆಯಲ್ಲಿ ಎಲ್ಲರೂ ಅವಳ ಜೊತೆ ಮಾತು ಬಿಟ್ಟಿದ್ದರು. ಮಾತಾಡಿಸುತ್ತಿದ್ದವನು ಅವನೊಬ್ಬನೇ. ಆಣೆ ಮುರಿದ ಹೆದರಿಕೆಗೆ ಎಂಟು ತಿಂಗಳು ತುಂಬುವವರೆಗೂ ಹೊಟ್ಟೆ ಮುಚ್ಚಿಟ್ಟಳು. ಒಂದು ತಪಾಸಣೆಯೂ ಆಗಿರಲಿಲ್ಲ. ಇಲ್ಲಿಗೆ ಸೇರಿಸುವಾಗ ಮೈಯಲ್ಲಿ ರಕ್ತವೇ ಇರಲಿಲ್ಲ. ಇಂಥ ಆಣೆಯ ಮಾತು ಬೇರೆ ಮಂಚಗಳಲ್ಲೂ ಕೇಳಿದ್ದೇನೆ, ಅಕ್ಕಾ.

ತಾಯಿ ನಿನ್ನೆ ದೊಡ್ಡ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಬೆಂಚಿನಲ್ಲಿ ಕೂತಿದ್ದಳು. "ಆಣೆ ಮಾಡಿದ್ಲಲ್ಲಾ" ಎಂಬುದೊಂದೇ ಮಾತು.

ಭಾವನಿಗೆ ನಮಸ್ಕಾರ ಹೇಳು. ಮೊಮ್ಮಗನ ಕೆನ್ನೆಗೆ ಈ ಚಿಕ್ಕಜ್ಜಿಯ ಮುತ್ತು.

ನಿನ್ನ ತಂಗಿ

ಲಕೋಟೆ ಅಂಟಿಸುವ ಮೊದಲು: ಫೋನಿನಲ್ಲಿ ಈ ಮಾತೆತ್ತಿದರೆ ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ. ಚುಕ್ಕಿಗೂ ಹದಿನೇಳು. ಅವಳಿಂದ ಆಣೆ ಮಾಡಿಸಿದ್ದನ್ನು ನೀನೇ ಹೇಳಿದ್ದೆ. ಅವಳಪ್ಪ ಇನ್ನೂ ಅವಳನ್ನು ಮಾತಾಡಿಸುವುದಿಲ್ಲವೆಂದೂ ಹೇಳಿದ್ದೆ. ನಿಮ್ಮೂರಿನ ಆಸ್ಪತ್ರೆಯಲ್ಲಿ ಅವಳ ಹೆಸರು ಬರೆಸಿದ್ದೇನೆ. ಇಂಜೆಕ್ಷನ್ ಬೇಕೋ ಬೇಡವೋ ಅವಳೇ ಹೇಳಲಿ. ಮುಂದಿನ ಸೋಮವಾರ, ಬೆಳಿಗ್ಗೆ ಹತ್ತು ಗಂಟೆ, ಒಂಬತ್ತನೇ ಕೋಣೆ. ಒಳಗೆ ಅವಳೊಬ್ಬಳೇ ಹೋಗುತ್ತಾಳೆ. ನೀನು ಹೊರಗೆ ಬೆಂಚಿನ ಮೇಲೆ ಕೂತಿರಬೇಕು.