ಎರಡನೇ ಗೀಟು

ಮಾರ್ಚ್ 3, ಸೋಮವಾರ
ಇವತ್ತೂ ಕೋಡ್‌ನ ಪ್ರಿಂಟ್ ಸಾಲುಗಳಿಗೆ ಆವರಣ ಚಿಹ್ನೆ ಹಾಕಿದ್ದೇ ಕೆಲಸ. ಇನ್ನೂರ ಹದಿನಾಲ್ಕು ಫೈಲು. ಆಸ್ಪತ್ರೆಯ ಪ್ರೋಗ್ರಾಂಗಳೆಲ್ಲ ಪೈಥಾನ್ ಭಾಷೆಯ ಹಳೆಯ ಎರಡನೇ ಆವೃತ್ತಿಯಲ್ಲಿವೆ, ಹೊಸ ಮೂರಕ್ಕೆ ಏರಿಸಬೇಕು. 21ಕ್ಕೆ ಹಳೇ ಸರ್ವರ್ ಬಂದ್. ಬಾಸ್ ಹೇಳುವುದು ಒಂದೇ — "ಹಳೇದ್ರಲ್ಲಿ ಏನು ಬರ್ತಿತ್ತೋ ಹೊಸದ್ರಲ್ಲೂ ಅದೇ ಬರ್ಬೇಕಮ್ಮ."

ಮಾರ್ಚ್ 7
ಕಿಡ್ನಿಗಾಗಿ ಕಾಯುತ್ತಿರುವವರ ಪಟ್ಟಿಯನ್ನು ಹಳೇದು, ಹೊಸದು ಎರಡರಲ್ಲೂ ಓಡಿಸಿದೆ. ತಾಳೆಯಾಗುತ್ತಿಲ್ಲ. 412 ಜನ. ಅರ್ಧಕ್ಕರ್ಧ ಜಾಗ ಬದಲಿಸಿದ್ದಾರೆ. ಏನೋ ಎಡವಟ್ಟು ಮಾಡಿದ್ದೇನೆ. ನಾಳೆ ನೋಡೋಣ.

ಮಾರ್ಚ್ 8, ಮಧ್ಯಾಹ್ನ
ಸಿಕ್ಕಿತು. ಒಂದು ಭಾಗಾಕಾರ. ಕಾದ ದಿನಗಳು, ಭಾಗಿಸು ಎನ್ನುವ ಒಂದು ಓರೆಗೀಟು, 365. ಹಳೆಯದು ಇಂಥ ಲೆಕ್ಕದಲ್ಲಿ ವರ್ಷದ ಮೇಲಿನ ಚೂರನ್ನು ಸದ್ದಿಲ್ಲದೆ ಎಸೆದುಬಿಡುತ್ತದೆ. ಎರಡು ವರ್ಷ ಹನ್ನೊಂದು ತಿಂಗಳು ಕಾದವರೂ ಎರಡೇ ವರ್ಷ ಕಾದವರೂ ಒಂದೇ. ಹೊಸದು ಚೂರನ್ನೂ ಹಿಡಿಯುತ್ತದೆ. ನಿಯಮಾವಳಿ ತೆಗೆದು ನೋಡಿದೆ — ಕಾದ ಪ್ರತಿ ದಿನವೂ ಲೆಕ್ಕಕ್ಕೆ. ಅಂದರೆ ಹೊಸದೇ ಸರಿ. ಒಂಬತ್ತು ವರ್ಷದಿಂದ ತಪ್ಪು ಪಟ್ಟಿ.
ಆ ಸಾಲು ಬರೆದವರು ಯಾರು ಎಂದು ಹುಡುಕಿದೆ.
ನಾನು. ಕೆಲಸಕ್ಕೆ ಸೇರಿದ ಎರಡನೇ ವಾರ.

ಮಾರ್ಚ್ 13
ನೋಡಬಾರದು, ನೋಡಬಾರದು ಅಂದುಕೊಂಡೇ ನೋಡಿದೆ. ನಾಲ್ಕು ವರ್ಷದ ಹಿಂದಿನ ಪಟ್ಟಿ. ಅಕ್ಕನ ಗಂಡ, ನಮ್ಮ ಭಾವ, ಅದರಲ್ಲಿ ಮೂರನೆಯವರು. ಹೊಸದರಲ್ಲಿ ಓಡಿಸಿದೆ... ಮೊದಲನೆಯವರು. ಆ ವಾರ ಬಂದದ್ದು ಒಂದೇ ಕಿಡ್ನಿ. ಭಾವನ ರಕ್ತದ ಗುಂಪಿನದೇ. ಎಂಟು ವಾರಕ್ಕೆ ಭಾವ ಹೋದರು. ಅಕ್ಕನಿಗೆ ಆಗ ಮೂವತ್ತಾರು.
ಆ ಕಿಡ್ನಿ ಸಿಕ್ಕವರು ಒಬ್ಬ ಟೈಲರ್. ಈಗಲೂ ತಪಾಸಣೆಗೆ ಬರುತ್ತಾರೆ. ಗುಂಡುಕಲ್ಲಿನ ಹಾಗಿದ್ದಾರೆ. ಅವರ ಮೇಲೆ ಹೊಟ್ಟೆ ಉರಿದುಕೊಳ್ಳಲೂ ಆಗುತ್ತಿಲ್ಲ.

ಮಾರ್ಚ್ 14
ಬಾಸ್‌ಗೆ ಎಲ್ಲ ಹೇಳಿದೆ. ಎದ್ದು ಬಾಗಿಲು ಹಾಕಿಕೊಂಡರು.
"ಪಟ್ಟಿ ತಿದ್ದೋದು ನಮ್ಮ ಕೈಲಿಲ್ಲಮ್ಮ. ಡಾಕ್ಟರ್‌ಗಳ ಸಮಿತಿ ಒಪ್ಪಬೇಕು. ಸಭೆ ಇರೋದು ಜೂನ್‌ಗೆ. ಅಲ್ಲೀವರೆಗೂ ಹಳೇ ಲೆಕ್ಕಾನೇ."
"ಅಲ್ಲೀವರೆಗೂ ಕಾಯೋರ ಗತಿ ಏನು ಸರ್?"
ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. "ಪತ್ರ ಬರಿ. ನಾನೂ ಸಹಿ ಹಾಕ್ತೀನಿ. ಇನ್ನೇನು ಮಾಡ್ಲಿ ಹೇಳು?"
ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಇರುತ್ತಿದ್ದೆ.

ಮಾರ್ಚ್ 20
ಆ ಓರೆಗೀಟಿನ ಪಕ್ಕ ಇನ್ನೊಂದು ಹಾಕಿದೆ. ಎರಡು ಗೀಟಿದ್ದರೆ ಹೊಸದೂ ಚೂರನ್ನು ಎಸೆಯುತ್ತದೆ. ಅಂದು ತಿಳಿಯದೆ ಮಾಡಿದ್ದು. ಇಂದು ತಿಳಿದೇ.
412ಕ್ಕೆ 412 ತಾಳೆ. ಪಕ್ಕದ ಟೇಬಲ್‌ನವಳು ಚಪ್ಪಾಳೆ ತಟ್ಟಿದಳು.

ಮಾರ್ಚ್ 22, ಶನಿವಾರ ಬೆಳಿಗ್ಗೆ
ಅಕ್ಕ ಬಂದಿದ್ದಾಳೆ. ನಿನ್ನೆಯೇ ಫೋನ್ ಮಾಡಿ ಕರೆದಿದ್ದೆ, ಹೇಳಿಬಿಡೋಣ ಅಂತ. "ಅಕ್ಕಾ, ಭಾವನ ವಿಷಯ..." ಎಂದೆ.
"ಇನ್ನೂ ಅದನ್ನೇ ಮನಸ್ಸಲ್ಲಿಟ್ಕೊಂಡು ಕೊರಗ್ತಿದ್ದೀಯೇನೇ?" ಎಂದು ತಲೆ ಸವರಿದಳು. "ಅಲ್ಲಿ ನೀನಿದ್ದೆ ಅನ್ನೋ ಒಂದೇ ಸಮಾಧಾನ ನಂಗೆ. ಪಟ್ಟಿಯಲ್ಲಿ ಮೋಸ ಆಗಿಲ್ಲ ಅಂತ."
ಟೀ ಇಡುತ್ತೇನೆಂದು ಒಳಗೆ ಬಂದೆ. ಬಂದು ಇದನ್ನು ಬರೆಯುತ್ತಾ ಕೂತಿದ್ದೇನೆ. ಹಾಲು ಉಕ್ಕಿದ ವಾಸನೆ. "ಏನ್ ಮಾಡ್ತಿದ್ದೀಯೇ ಅಲ್ಲಿ?" — ಎದ್ದು ಬರುತ್ತಿದ್ದಾಳೆ. ಈ ಪುಸ್ತಕ ಮುಚ್ಚಲೋ, ಅವಳ ಕೈಗೇ —